ನಲವತ್ತು ಸಾವಿರದ ಲ್ಯಾಪ್‌ಟಾಪ್: ಓದೂ ಆಗಬೇಕು, ಆಟವೂ ಆಗಬೇಕು

ಪ್ರಶ್ನೆ: ಸರ್, ನಾವು ಗಂಗಾವತಿಯವರು. ಮಗ ಬಿಸಿಎ ಮೊದಲ ವರ್ಷ. ಬಜೆಟ್ 40,000 ರೂಪಾಯಿ, ಎಳೆದಾಡಿದರೆ ಇನ್ನೆರಡು ಸಾವಿರ. ಜಾವಾ, ಪೈಥಾನ್ ಕಲಿಯಬೇಕು. ಅವನಿಗೆ ವ್ಯಾಲೊರಂಟ್, ಜಿಟಿಎ 5 ಆಡುವ ಆಸೆ ಬೇರೆ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದರ ಪ್ರೊಸೆಸರ್ ರೈಜನ್ 5 7520ಯು, ಇನ್ನೊಂದರದು ರೈಜನ್ 5 5625ಯು. ಎರಡರಲ್ಲೂ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ರೇಟು ಹೆಚ್ಚುಕಡಿಮೆ ಒಂದೇ. ನಂಬರ್ ದೊಡ್ಡದು, ಹೊಸದು, 7520 ತಗೊಳ್ಳಿ ಅಂತಾರೆ. ಹೌದಾ?

ಉತ್ತರ (ಲ್ಯಾಪ್‌ಟಾಪ್ ರಿಪೇರಿ, ಗಂಗಾವತಿ): ಬೇಡ, 5625 ತಗೊಳ್ಳಿ. 7000 ಸೀರೀಸ್‌ನಲ್ಲಿ ರೈಜನ್ ಮಾಡುವ ಎಎಂಡಿಯವರು ಚಿಪ್‌ನ ವಯಸ್ಸನ್ನು ಮೂರನೇ ಅಂಕಿಯಲ್ಲಿ ಇಟ್ಟಿದ್ದಾರೆ. 7520ರಲ್ಲಿ ಅದು 2. ಅಂದರೆ ಒಳಗಿರುವುದು ಝೆನ್ 2, 2019ರಲ್ಲಿ ಬಂದ ವಿನ್ಯಾಸ. ಹಳೆಯ 5000 ಸೀರೀಸ್‌ಗೆ ಈ ಲೆಕ್ಕ ಹಿಡಿಯಬೇಡಿ, ಆದರೆ 5625 ಅದರ ಮುಂದಿನ ವಿನ್ಯಾಸ, ಝೆನ್ 3 ಅನ್ನೋದು ಖಾತ್ರಿ. 5625ರಲ್ಲಿ 6 ಕೋರ್ (ಲೆಕ್ಕ ಮಾಡುವ ಭಾಗ), 7520ರಲ್ಲಿ 4. ಆಟಕ್ಕೆ ಮುಖ್ಯವಾದ ಗ್ರಾಫಿಕ್ಸ್ ಯುನಿಟ್ 5625ರಲ್ಲಿ 7, 7520ರಲ್ಲಿ ಎರಡೇ ಎರಡು. ಜಾವಾ, ಪೈಥಾನ್ ಯಾವುದರಲ್ಲಾದರೂ ನಡೆಯುತ್ತದೆ. ವ್ಯಾಲೊರಂಟ್ ಹಗುರ ಆಟ, 7520ರಲ್ಲೂ ತೆರೆದುಕೊಳ್ಳುತ್ತದೆ. ಜಿಟಿಎ 5 ಹಾಕಿದಾಗ ಬಣ್ಣ ಬಯಲಾಗುತ್ತದೆ.

ಇನ್ನೊಂದು ಮಾತು, ನನ್ನ ಪ್ರಕಾರ ಇದೇ ದೊಡ್ಡದು. ಈ ಬೆಲೆಯಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಗತಿ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಪಾಲು ತಗೊಳ್ಳುತ್ತದೆ. ಒಂದೇ ಸ್ಟಿಕ್ ಇದ್ದರೆ ಗವಿಮಠದ ಜಾತ್ರೆಗೆ ಒಂದೇ ಗೇಟ್ ತೆರೆದ ಹಾಗೆ. ಎರಡನೇ 8 ಜಿಬಿ ಹಾಕಿದರೆ ಎರಡು ಗೇಟ್. ಆಟದ ತಡವರಿಕೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಖಾಲಿ ಸ್ಲಾಟ್ ಇರುವ ಮಾಡೆಲ್ ಹುಡುಕಿ. 7520ಯು ಇರುವ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ನಾಳೆ ಬೇಕೆಂದರೂ ನಾನೇನೂ ಮಾಡಲಾಗಲ್ಲ.

ಪ್ರಶ್ನೆ (ಸಿಂಧನೂರು): ನಮ್ಮದು ಅಷ್ಟು ಬಜೆಟ್ ಇಲ್ಲ ಸರ್. ಬೆಂಗಳೂರಿನಿಂದ ಬಂದ ಸೆಕೆಂಡ್ ಹ್ಯಾಂಡ್, ಐ5 ಆರನೇ ಜನರೇಶನ್, 15,000ಕ್ಕೆ ಸಿಗುತ್ತಿದೆ.

ಉತ್ತರ: ಬಿಡಿ. ಇಂಟೆಲ್ ಆದರೆ ಎಂಟನೇ ಜನರೇಶನ್‌ಗಿಂತ ಕೆಳಗೆ ಇಳಿಯಬೇಡಿ. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಏನೋ ಕಸರತ್ತು ಮಾಡಿ 11 ಹಾಕಿಕೊಡುವವರು ಇದ್ದಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆಗಳೂ ಬೇಕು. ಅವು ಇಲ್ಲದಿದ್ದರೆ ಅಲ್ಲಿಗೆ ಬಂದು ಕೂತುಬಿಡುತ್ತದೆ. ಎಂಟನೇ ಜನರೇಶನ್‌ದು ಸಿಕ್ಕರೆ ಮೊದಲು ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿಯ (ಹೊಸದಿದ್ದಾಗಿನ ಸಾಮರ್ಥ್ಯದ) ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ರೇಟಿನಲ್ಲೇ ಮುರಿಸಿ.

ಪ್ರಶ್ನೆ (ರಾಯಚೂರು): ನನ್ನದು ಎರಡು ವರ್ಷದ ಲ್ಯಾಪ್‌ಟಾಪ್. ಅರ್ಧ ಗಂಟೆ ಗೇಮ್ ಆಡಿದರೆ ಫ್ಯಾನ್ ಕೂಗುತ್ತದೆ, ಆಮೇಲೆ ಎಲ್ಲಾ ನಿಧಾನ. ರ‍್ಯಾಮ್ ಹಾಕಿಸಲಾ?

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ, ಮೊದಲು ಕ್ಲೀನ್ ಮಾಡಿಸಿ. ಕಳೆದ ಏಪ್ರಿಲ್‌ನಲ್ಲಿ ಅಕ್ಕಿ ಗಿರಣಿ ಪಕ್ಕದ ಮನೆಯ ಒಬ್ಬ ಹುಡುಗ ಇದೇ ದೂರು ತಂದಿದ್ದ. ಹಿಂದಿನ ಕವರ್ ಬಿಚ್ಚಿದೆ. ಫ್ಯಾನ್‌ಗೂ ತಾಮ್ರದ ಪೈಪ್ ತುದಿಯ ಜಾಲರಿಗೂ ನಡುವೆ ಹೊಟ್ಟಿನ ಧೂಳು ಕಂಬಳಿ ಚೂರಿನ ಹಾಗೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿ ಒಂದೇ ಸಲ ಬಂತು, ಬೆರಳುದ್ದ. ಗಾಳಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ಬಿಸಿಯಾಗುತ್ತದೆ. ಕಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅದೇ ನಿಮಗೆ ನಿಧಾನ ಅನ್ನಿಸುವುದು. ನಮ್ಮ ಕಡೆ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಹತ್ತಿರ ಇರುತ್ತದೆ, ಅಲ್ವಾ? ವರ್ಷಕ್ಕೊಮ್ಮೆ, ಗಿರಣಿ ಹತ್ತಿರದವರು ಆರು ತಿಂಗಳಿಗೊಮ್ಮೆ ಕ್ಲೀನ್ ಮಾಡಿಸಿ, ಪ್ರೊಸೆಸರ್ ಮೇಲೆ ಶಾಖ ಸಾಗಿಸಲು ಹಚ್ಚುವ ಪೇಸ್ಟ್ ಬದಲಿಸಿ. ಹಾಸಿಗೆ ಮೇಲೆ ಇಟ್ಟು ಆಡಬೇಡಿ. ಹಿಂದುಗಡೆ ಎರಡು ನೋಟ್‌ಬುಕ್ ಕೊಟ್ಟು ಎತ್ತರಿಸಿದರೂ ಸಾಕು, ಗಾಳಿ ಕಿಂಡಿ ಮುಚ್ಚದಿರಲಿ. ಕೂಲಿಂಗ್ ಪ್ಯಾಡ್ ಆಮೇಲಿನ ಮಾತು.

ಪ್ರಶ್ನೆ (ಬಳ್ಳಾರಿ): ಚಾರ್ಜಿಗೆ ಹಾಕಿದಾಗ ಬಾಡಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ.

ಉತ್ತರ: ಮೆಟಲ್ ಬಾಡಿ ಇರಬೇಕು. ನಿಮ್ಮ ಪ್ಲಗ್‌ನಲ್ಲಿ ಅರ್ಥಿಂಗ್ ಇಲ್ಲ, ಅಥವಾ ಎರಡು ಪಿನ್ನಿನ ಎಕ್ಸ್‌ಟೆನ್ಶನ್‌ನಲ್ಲಿ ಹಾಕಿದ್ದೀರಿ. ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅರ್ಥಿಂಗ್ ಸರಿ ಇದ್ದೂ ಜುಮ್ ಅಂದರೆ ಅಡಾಪ್ಟರ್ ತನ್ನಿ, ನೋಡೋಣ.

ಪ್ರಶ್ನೆ (ಮೊದಲಿನವರು): ಸರ್, ಅಂಗಡಿಗೆ ಮತ್ತೆ ಹೋಗಿದ್ದೆ. ಸ್ಲಾಟ್ ಇದೆಯಾ ಅಂತ ಕೇಳಿದರೆ ಅವರಿಗೇ ಗೊತ್ತಿಲ್ಲ. ಕವರ್ ಬಿಚ್ಚಲು ಬಿಡಲ್ಲ.

ಉತ್ತರ: ಬಿಚ್ಚುವುದು ಬೇಡ. ಡೆಮೊ ಪೀಸ್ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿ. ಕೆಳಗೆ ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಅಂತ ಬರಬೇಕು. ಅದರ ಹತ್ತಿರವೇ ಫಾರ್ಮ್ ಫ್ಯಾಕ್ಟರ್ ಅಂತಿರುತ್ತದೆ. ಅಲ್ಲಿ ‘ಸೋಡಿಮ್’ ಇದ್ದರೆ ಬಿಚ್ಚಿ ಹಾಕುವ ಸ್ಟಿಕ್, ‘ರೋ ಆಫ್ ಚಿಪ್ಸ್’ ಇದ್ದರೆ ಬೆಸುಗೆ. ಒಂದು ಫೋಟೋ ಹೊಡೆದು ಇಲ್ಲಿ ಹಾಕಿ. ನಾನು ನೋಡಿ ಹೇಳುವ ತನಕ ಅಡ್ವಾನ್ಸ್ ಕೊಡಬೇಡಿ.