ಹಳೇ ಪ್ಲೇಟುಗಳ ಬೆರಕೆ ಸಂಗೀತ: ನಮ್ಮ ಕಡೆಯದು ಏನಾದರೂ ಇದೆಯಾ?

ಪ್ಲೇಟ್‌ಪ್ರಿಯ:

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ನಮ್ಮ ಮನೆಯಲ್ಲಿ ಒಂದೇ ರೆಕಾರ್ಡ್ ಓಡುತ್ತಿದೆ. ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್', 1982ರದ್ದು. ಭೈರವ್, ಲಲಿತ್, ತೋಡಿ, ಮೇಘ್ ಮಲ್ಹಾರ್, ಮಾಲ್ಕೌಂಸ್, ಹೀಗೆ ಹತ್ತು ರಾಗ. ಕೆಳಗೆ ಡ್ರಮ್ ಮಷೀನಿನ ಒಂದೇ ಸಮನೆ ಬಡಿತ. ತಬಲಾ ಇಲ್ಲ, ಸಿತಾರ್ ಇಲ್ಲ, ಎಲ್ಲಾ ಯಂತ್ರವೇ. ಮೊನ್ನೆ ಮೊನ್ನೆ ಯಾರೋ ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ಅಂದರೂ ನಂಬಬಹುದು, ಹಾಗಿದೆ.

ಇದರ ಬೆನ್ನು ಹತ್ತಿ ಹೋದರೆ ಸಿಗುವುದೆಲ್ಲ ಹಿಂದಿ, ಇಲ್ಲ ಬಂಗಾಳಿ, ಸ್ವಲ್ಪ ತಮಿಳು, ಲಾಹೋರಿನ ಸಿನಿಮಾ ಹಾಡುಗಳು ಕೂಡ. ಲಂಡನ್ನಿನವರು, ಡಚ್ಚರು, ಅಮೆರಿಕದವರು ಹುಡುಕಿ ಹುಡುಕಿ ಮತ್ತೆ ಅಚ್ಚು ಹಾಕಿಸಿದ್ದಾರೆ. ಕರ್ನಾಟಕದ್ದು ಅಂತ ಒಂದೂ ಕಣ್ಣಿಗೆ ಬೀಳಲಿಲ್ಲ. ನಮ್ಮಲ್ಲಿ ಇಂಥ ಬೆರಕೆ ಕೆಲಸ ನಡೆದೇ ಇಲ್ವಾ, ಅಥವಾ ಯಾರೂ ಹುಡುಕಿಲ್ವಾ? ಸಿನಿಮಾ ಹಾಡಿಗಿಂತ ಹಿನ್ನೆಲೆ ಸಂಗೀತದ ಬಗ್ಗೆ ನನಗೆ ಜಾಸ್ತಿ ಆಸೆ. ಇನ್ನೊಂದು, ಈ ಚರಣ್‌ಜಿತ್ ಸಿಂಗ್ 'ಆಸಿಡ್ ಹೌಸ್' ಅನ್ನುವ ಯಂತ್ರದ ಕುಣಿತದ ಸಂಗೀತದ ಪಿತಾಮಹ ಅಂತ ಎಲ್ಲಾ ಕಡೆ ಬರೆದಿರುತ್ತಾರಲ್ಲ, ಅದು ಎಷ್ಟು ನಿಜ?

ಸೂಜಿಮೊನೆ:

ಕೊನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಪಿತಾಮಹ ಅನ್ನುವುದು ಸುಮ್ನೆ ಹಚ್ಚಿದ ಹಣೆಪಟ್ಟಿ. ಮಗನಿಗೆ ಅಪ್ಪ ಯಾರು ಅಂತ ಗೊತ್ತೇ ಇರಲಿಲ್ಲ, ಅಪ್ಪನಿಗೂ ಮಗ ಹುಟ್ಟಿದ್ದು ಗೊತ್ತಿರಲಿಲ್ಲ! ಆ ಸಂಗೀತದ ಮೊದಲ ರೆಕಾರ್ಡ್ ಅನ್ನಿಸಿಕೊಂಡ, ಶಿಕಾಗೋದ ಫ್ಯೂಚರ್ ತಂಡದ 'ಆಸಿಡ್ ಟ್ರ್ಯಾಕ್ಸ್' ಬಂದದ್ದು 1987ರಲ್ಲಿ. ಅಷ್ಟರಲ್ಲಿ ಸಿಂಗ್ ಅವರ ರೆಕಾರ್ಡ್ ಮಾರಾಟವಾಗದೆ ಮೂಲೆ ಸೇರಿತ್ತು. ಎರಡಕ್ಕೂ ಸಂಬಂಧ ಇರುವುದು ಯಂತ್ರದಲ್ಲಿ ಮಾತ್ರ.

ಯಂತ್ರದ ಕತೆ ಚೆನ್ನಾಗಿದೆ. ರೋಲ್ಯಾಂಡ್ ಕಂಪನಿಯ ಟಿಬಿ-303 ಅಂತ ಒಂದು ಪುಟ್ಟ ಡಬ್ಬ. ಬಾಸ್ ಗಿಟಾರ್ ನುಡಿಸುವವರು ಸಿಗದಿದ್ದರೆ ಇದನ್ನು ಇಟ್ಟುಕೊಳ್ಳಿ ಅಂತ ಮಾರುಕಟ್ಟೆಗೆ ಬಿಟ್ಟಿದ್ದರು. ಬಾಸ್ ಗಿಟಾರಿನ ಹಾಗೆ ಒಂದಿಷ್ಟೂ ಕೇಳಿಸುತ್ತಿರಲಿಲ್ಲ, ಯಾರೂ ಕೊಳ್ಳಲಿಲ್ಲ, 1984ಕ್ಕೆ ತಯಾರಿಕೆಯೇ ನಿಂತಿತು. ಅದರಲ್ಲಿ ಒಂದೊಂದೇ ಸ್ವರ ಕೂರಿಸಿಕೊಂಡು ಹೋಗಬೇಕು, ಬೇಕಾದ ಸ್ವರಕ್ಕೆ 'ಸ್ಲೈಡ್' ಒತ್ತಿದರೆ ಆ ಸ್ವರದಿಂದ ಮುಂದಿನದಕ್ಕೆ ಕಡಿಯದೆ ಜಾರುತ್ತದೆ. ಹಿಂದೂಸ್ತಾನಿ ಸಂಗೀತ ಕೇಳಿದವರಿಗೆ ಇದೇನು ಅಂತ ತಕ್ಷಣ ಹೊಳೆಯುತ್ತದೆ: ಮೀಂಡ್. ಸಿಂಗ್ ಅವರು ಹಿಡಿದದ್ದು ಅದನ್ನೇ. ಶಿಕಾಗೋ ಹುಡುಗರು ಅದೇ ಡಬ್ಬದ ಫಿಲ್ಟರ್ ಗುಂಡಿ ತಿರುಗಿಸುತ್ತಾ ಕೂತರು, ಆ ಕೀರಲು ಸದ್ದೇ ಅವರ ಸಂಗೀತವಾಯಿತು. ಒಂದೇ ಯಂತ್ರ, ದಾರಿ ಬೇರೆ ಬೇರೆ.

ಸಿಂಗ್ ಯಾರೋ ಅನಾಮಿಕರೂ ಅಲ್ಲ. ಬಾಂಬೆ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ಗಿಟಾರ್, ಬಾಸ್ ನುಡಿಸಿದವರು, ಆರ್.ಡಿ. ಬರ್ಮನ್ ಜೊತೆಗೂ ಕೆಲಸ ಮಾಡಿದವರು. ಮದುವೆ ಮನೆಗಳಲ್ಲಿ ಬ್ಯಾಂಡ್ ಕೂಡ ಇತ್ತು. 2002ರಲ್ಲಿ ಎಡೋ ಬೌಮನ್ ಅನ್ನುವ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯಲ್ಲಿ ಪ್ಲೇಟ್ ಸಿಕ್ಕಿತು, 2010ರಲ್ಲಿ ಮರುಮುದ್ರಣ ಮಾಡಿದರು. ಆಮೇಲೆ ಸಿಂಗ್ ಯುರೋಪಿನಲ್ಲಿ ಕಛೇರಿಯನ್ನೂ ಕೊಟ್ಟರು. 2015ರಲ್ಲಿ ತೀರಿಕೊಂಡರು. ಬದುಕಿದ್ದಾಗಲೇ ಚಪ್ಪಾಳೆ ಕೇಳಿಸಿಕೊಂಡರಲ್ಲ, ಅದು ದೊಡ್ಡದು. ಅದೇ 1982ರ ಇನ್ನೊಂದು ರೆಕಾರ್ಡ್ ಕೇಳಿ, ರೂಪಾ ಅವರ 'ಡಿಸ್ಕೋ ಜಾಝ್'. ಬಂಗಾಳಿ ಹಾಡುಗಾರ್ತಿ, ಕೆನಡಾದ ಕ್ಯಾಲ್ಗರಿಯಲ್ಲಿ ರೆಕಾರ್ಡಿಂಗ್, ಸರೋದ್ ಆಶಿಷ್ ಖಾನ್. ಹಳೇ ಪ್ರತಿಗೆ ವಿದೇಶದಲ್ಲಿ ಎಷ್ಟು ಬೆಲೆ ಇದೆ ಅನ್ನುವುದು ಆಕೆಗೆ ಗೊತ್ತಾದದ್ದೇ ಮಗ ಇಂಟರ್ನೆಟ್ಟಿನಲ್ಲಿ ನೋಡಿ ಹೇಳಿದ ಮೇಲೆ.

ಕಂಟೋನ್ಮೆಂಟ್ ಕಿವಿ:

"ಕರ್ನಾಟಕದ್ದು ಒಂದೂ ಇಲ್ಲ" ಅಂದದ್ದಕ್ಕೆ ನನ್ನ ತಕರಾರಿದೆ ಸರ್. ಸಂಗೀತ ನಿರ್ಮಾಪಕ 'ಬಿದ್ದು' ಯಾರು ಹೇಳಿ? ಬಿದ್ದು ಅಪ್ಪಯ್ಯ, ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಇಲ್ಲೇ ಟ್ರೋಜನ್ಸ್ ಅಂತ ಬ್ಯಾಂಡ್ ಕಟ್ಟಿ ಹಾಡಿಕೊಂಡಿದ್ದವರು. ಲಂಡನ್ನಿಗೆ ಹೋಗಿ 1974ರಲ್ಲಿ 'ಕುಂಗ್ ಫು ಫೈಟಿಂಗ್' ಮಾಡಿದರು. ಅದು ರೆಕಾರ್ಡಿನ ಬಿ ಸೈಡಿಗೆ, ಅಂದರೆ ಹಿಂಬದಿಗೆ ಅಂತ ಅವಸರದಲ್ಲಿ ಮುಗಿಸಿದ ಹಾಡು, ಜಗತ್ತೆಲ್ಲ ಕುಣಿಯಿತು. 1980ರಲ್ಲಿ 'ಕುರ್ಬಾನಿ'ಯ 'ಆಪ್ ಜೈಸಾ ಕೋಯಿ', ಮರುವರ್ಷ ನಾಜಿಯಾ ಹಸನ್ ಜೊತೆ 'ಡಿಸ್ಕೋ ದೀವಾನೆ'. ಅಂದರೆ ಚರಣ್‌ಜಿತ್ ಸಿಂಗ್ ಅವರ ರೆಕಾರ್ಡಿನ ಮೇಲೆ 'ಡಿಸ್ಕೋ' ಅನ್ನುವ ಪದ ಬಂದು ಕೂತದ್ದರ ಹಿಂದಿನ ಗಾಳಿ ಎಬ್ಬಿಸಿದವರಲ್ಲಿ ನಮ್ಮೂರಿನವರೊಬ್ಬರು ಇದ್ದರು. ಎಲ್ಲರಿಗೂ ಗೊತ್ತಿರುವ ಹಾಡು ಬಿಟ್ಟು ಬಿದ್ದು ಆರ್ಕೆಸ್ಟ್ರಾದ 'ರೇನ್ ಫಾರೆಸ್ಟ್' (1976) ಕೇಳಿ. ಹಾಡುಗಾರರಿಲ್ಲ, ಬರೀ ವಾದ್ಯ.

ಆದರೆ ನನ್ನ ಪ್ರಕಾರ ಬೆಂಗಳೂರಿನ ನಿಜವಾದ ನಿಧಿ ಬೇರೆ. 'ಜ್ಯೋತಿ', 1983. ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಒಂದು ಕಡೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಇನ್ನೊಂದು ಕಡೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅನ್ನುವ ತಾಳವಾದ್ಯದವರ ತಂಡ. ಹಾಡುಗಾರಿಕೆ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ ಮೋರ್ಸಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಸಾಮಾನ್ಯವಾಗಿ ಈ ಥರದ ಫ್ಯೂಷನ್ನಿನಲ್ಲಿ ಏನಾಗುತ್ತೆ ಅಂದರೆ, ವಿದೇಶಿ ವಾದಕ ತನ್ನ ಪಾಡಿಗೆ ತಾನು ನುಡಿಸುತ್ತಾನೆ, ನಮ್ಮವರು ಹಿಂದೆ ತಾಳ ಹಾಕಿಕೊಂಡು ಕೂರುತ್ತಾರೆ, ಕೊನೆಗೆ ಎಲ್ಲರೂ ಸೇರಿ ಜೋರಾಗಿ ಒಂದು ತಿಹಾಯಿ (ಒಂದೇ ಪಟ್ಟು ಮೂರು ಸಲ) ಹೊಡೆದು ಮುಗಿಸುತ್ತಾರೆ. ಇಲ್ಲಿ ಉಲ್ಟಾ. ಇಡೀ ರೆಕಾರ್ಡ್ ನಿಂತಿರುವುದು ರಮಾಮಣಿ ಅವರ ಕಂಠದ ಮೇಲೆ. ಮರಿಯಾನೊ ಅವರೇ ರಾಗದೊಳಗೆ ಬರುತ್ತಾರೆ, ಸ್ವರ ಎಳೆದು ಬಾಗಿಸುತ್ತಾರೆ. ಅವರು ಭಾರತಕ್ಕೆ ಬಂದು ನಾದಸ್ವರ ಕಲಿತವರು, ಅದರ ಗುರುತು ಸ್ಯಾಕ್ಸೊಫೋನಿನಲ್ಲೂ ಇದೆ. ಕೊನ್ನಕ್ಕೋಲ್ (ಬಾಯಲ್ಲೇ ಹೇಳುವ ತಾಳದ ಸೊಲ್ಲು) ಶುರುವಾದಾಗ ಹೆಡ್‌ಫೋನ್ ಹಾಕಿಕೊಳ್ಳಿ, ಅಷ್ಟೇ ಹೇಳುತ್ತೇನೆ.

ನಮ್ಮ ಊರಿನಲ್ಲಿ ಇದನ್ನು ಕೇಳಿದವರಿಗಿಂತ ಜರ್ಮನಿಯಲ್ಲಿ ಕೇಳಿದವರೇ ಜಾಸ್ತಿ ಇರಬೇಕು. ಇದಕ್ಕೆ ಬೇಜಾರು ಮಾಡಿಕೊಳ್ಳಬೇಕೋ ಖುಷಿಪಡಬೇಕೋ, ನೀವೇ ಹೇಳಿ.

ಕುಡ್ಲದ ಕ್ಯಾಸೆಟ್:

ಬಿದ್ದು, ಮರಿಯಾನೊ ಎಲ್ಲಾ ಸರಿ ಮಾರಾಯ್ರೆ. ಆದರೆ ಮೊದಲು ಪ್ರಶ್ನೆ ಹಾಕಿದವರು ಕೇಳಿದ್ದು ಸಿನಿಮಾ ಹಿನ್ನೆಲೆ ಸಂಗೀತ ಅಲ್ವಾ? ಕನ್ನಡದಲ್ಲಿ ಬೆರಕೆ ಬೇಕಾದರೆ ಮೊದಲು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. ಅವರು ಸಂಗೀತ ಕೊಟ್ಟ ದೊರೆ-ಭಗವಾನ್ ಜೋಡಿಯ ಸಿಐಡಿ 999 ಸಿನಿಮಾಗಳಿವೆಯಲ್ಲ, 1968ರ 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999', ಆಮೇಲೆ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರ 'ಆಪರೇಷನ್ ಡೈಮಂಡ್ ರ‍್ಯಾಕೆಟ್'. ಬಾಂಡ್ ಸಿನಿಮಾ ನೋಡಿ ಹುಟ್ಟಿದ ಸಿನಿಮಾಗಳೇ, ಯಾರೂ ಮುಚ್ಚಿಟ್ಟಿಲ್ಲ. ಕೊನೇದರಲ್ಲಿ ರಾಜ್‌ಕುಮಾರ್ ಹಾಡಿದ 'ಇಫ್ ಯು ಕಮ್ ಟುಡೇ' ಇದೆ. ಅದನ್ನು ಈಗ ದೇಶದವರೆಲ್ಲ ತಮಾಷೆಗೆ ಹಂಚುತ್ತಾರೆ, ನಗಲಿ ಪರವಾಗಿಲ್ಲ. ಅಣ್ಣಾವ್ರ ಇಂಗ್ಲಿಷಿಗೆ ನಕ್ಕು ಮುಗಿದ ಮೇಲೆ ಇನ್ನೊಮ್ಮೆ ಹಾಕಿ, ಈ ಸಲ ಹಾಡು ಬಿಟ್ಟು ಹಿಂದಿನ ವಾದ್ಯಗಳನ್ನು ಮಾತ್ರ ಕೇಳಿ. ಇದೇ ವೆಂಕಟೇಶ್ ಕೈಕೆಳಗೆ ಇಳಯರಾಜ ಸಹಾಯಕರಾಗಿ ಪಳಗಿದ್ದು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಇನ್ನೊಂದು ಥರದ ಬೆರಕೆ ಕಲಾತ್ಮಕ ಸಿನಿಮಾಗಳಲ್ಲಿ ನಡೆಯಿತು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. 1970ರ 'ಸಂಸ್ಕಾರ'ಕ್ಕೆ ಸಂಗೀತ ರಾಜೀವ್ ತಾರಾನಾಥ್, ಅಲಿ ಅಕ್ಬರ್ ಖಾನರ ಶಿಷ್ಯರು. ಮಲೆನಾಡಿನ ಅಗ್ರಹಾರದ ಕತೆಗೆ ಮೈಹರ್ ಘರಾನೆಯ ಸರೋದ್ ವಾದಕರು ಸಂಗೀತ ಕೊಡುತ್ತಾರೆ, ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಬಿ.ವಿ. ಕಾರಂತರು 1976ರ 'ಋಷ್ಯಶೃಂಗ'ಕ್ಕೂ 1977ರ 'ಘಟಶ್ರಾದ್ಧ'ಕ್ಕೂ ಸಾಲಾಗಿ ರಾಷ್ಟ್ರಪ್ರಶಸ್ತಿ ತಗೊಂಡರು. ಗುಬ್ಬಿ ಕಂಪನಿಯ ನಾಟಕದ ಹಾಡು, ಕಾಶಿಯಲ್ಲಿ ಕಲಿತ ಹಿಂದೂಸ್ತಾನಿ, ಎರಡೂ ಅವರ ಒಳಗೇ ಇತ್ತು. ಅದಕ್ಕೆ ಫ್ಯೂಷನ್ ಅಂತ ಹೆಸರು ಕೊಟ್ಟಿದ್ದರೆ ಕಾರಂತರು ನಕ್ಕುಬಿಡುತ್ತಿದ್ದರೋ ಏನೋ.

ಪ್ಲೇಟ್‌ಪ್ರಿಯ:

'ಜ್ಯೋತಿ' ಕೇಳಿದೆ. ತಲೆ ತಿರುಗಿತು, ಥ್ಯಾಂಕ್ಸ್. 'ಜೇಡರ ಬಲೆ', 'ಘಟಶ್ರಾದ್ಧ' ಇವುಗಳ ಹಿನ್ನೆಲೆ ಸಂಗೀತ ಪ್ಲೇಟಿನಲ್ಲಿ ಸಿಗುತ್ತಾ? ಭಾನುವಾರ ಸಂತೆಯಲ್ಲಿ ಒಬ್ಬರ ಹತ್ತಿರ ಒಂದು ಕನ್ನಡ ಇಪಿ (ಏಳು ಇಂಚಿನ ಪುಟ್ಟ ಪ್ಲೇಟ್) ನೋಡಿದೆ. ಕೈಗೆತ್ತಿಕೊಂಡೆ ಅಷ್ಟೇ, ಅಂಗಡಿಯವರು ಮೊಬೈಲ್ ತೆಗೆದು ಯಾವುದೋ ವಿದೇಶಿ ವೆಬ್‌ಸೈಟಿನ ರೇಟ್ ತೋರಿಸಿದರು. ಮೈಮೇಲೆ ಗೀರು, ಕವರ್ ಇಲ್ಲ. ವಾಪಸ್ ಇಟ್ಟು ಬಂದೆ.

ರೀಲುಡಬ್ಬ:

ಇಟ್ಟು ಬಂದದ್ದು ಒಳ್ಳೆಯದಾಯಿತು. ಆ ವೆಬ್‌ಸೈಟಿನ ರೇಟ್ ಚೆನ್ನಾಗಿರುವ ಪ್ರತಿಗೆ, ಕವರ್ ಸಮೇತ. ಗೀರು ಬಿದ್ದದ್ದಕ್ಕೆ ಅದರ ಕಾಲುಭಾಗವೂ ಜಾಸ್ತಿಯೇ.

ಹಿನ್ನೆಲೆ ಸಂಗೀತ ಪ್ಲೇಟಿನಲ್ಲಿ ಸಿಗುವ ಆಸೆ ಬಿಟ್ಟುಬಿಡಿ. ಆ ಕಾಲದಲ್ಲಿ ಸಿನಿಮಾಕ್ಕೆ ಅಂತ ಬರುತ್ತಿದ್ದದ್ದು ಏಳು ಇಂಚಿನ ಇಪಿ, ಎರಡೂ ಬದಿ ಸೇರಿ ಸಾಮಾನ್ಯವಾಗಿ ನಾಲ್ಕು ಹಾಡು. ಹೆಚ್ಚೆಂದರೆ ಹೆಸರಾದ ಸಿನಿಮಾಗಳ ಸಂಭಾಷಣೆಯ ಎಲ್‌ಪಿ, ಅಂದರೆ ದೊಡ್ಡ ಪ್ಲೇಟ್. ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ ಕೂರಿಸುವ ಕೆಲಸ, ಮುಗಿದ ಮೇಲೆ ಮಾತು, ಸದ್ದು, ಸಂಗೀತ ಮೂರನ್ನೂ ಬೆರೆಸಿ ಫಿಲ್ಮಿನ ಅಂಚಿಗೆ ಅಚ್ಚು ಹಾಕುತ್ತಿದ್ದರು. ಬೆರೆಸುವ ಮೊದಲಿನ ಸಂಗೀತದ ಟೇಪನ್ನು ಎತ್ತಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಟೇಪಿಗೆ ದುಡ್ಡು ಬೀಳುತ್ತಿತ್ತು, ಅದರ ಮೇಲೆಯೇ ಮತ್ತೆ ರೆಕಾರ್ಡ್ ಮಾಡಿದರೆ ಉಳಿತಾಯ. ಹಾಗಾಗಿ ಇವತ್ತು ಕೇಳಬೇಕಾದರೆ ಸಿನಿಮಾನೇ ಹಾಕಬೇಕು, ಅದೂ ಒಳ್ಳೆಯ ಪ್ರತಿ ಇದ್ದರೆ. 'ಘಟಶ್ರಾದ್ಧ'ದ ಮಟ್ಟಿಗೆ ಅದೃಷ್ಟ ಇದೆ. ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿನವರು ಅದನ್ನು ಸರಿಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಲ್ಲಾದರೂ ಪ್ರದರ್ಶನ ಇದ್ದರೆ ತಪ್ಪಿಸಬೇಡಿ, ಯೂಟ್ಯೂಬಿನ ಸವೆದ ಪ್ರತಿಯಲ್ಲಿ ಕಾರಂತರ ಕೆಲಸದ ಅರ್ಧ ಕಿವಿಗೇ ಬೀಳುವುದಿಲ್ಲ.

ಹಿನ್ನೆಲೆ ಸಂಗೀತ ಕೇಳಿ ಕಲಿಯುವುದಕ್ಕೆ ನನ್ನ ಸಲಹೆ 1987ರ 'ಪುಷ್ಪಕ ವಿಮಾನ'. ಸಂಗೀತ ಎಲ್. ವೈದ್ಯನಾಥನ್, 'ಮಾಲ್ಗುಡಿ ಡೇಸ್' ಮಾಡಿದವರೇ. ಇಡೀ ಸಿನಿಮಾದಲ್ಲಿ ಮಾತೇ ಇಲ್ಲ. ಹಾಗಾಗಿ ಸಂಗೀತದ ಮೇಲೆ ಯಾರ ಸಂಭಾಷಣೆಯೂ ಬಂದು ಕೂರುವುದಿಲ್ಲ. ಬೇರೆ ಹಳೇ ಸಿನಿಮಾಗಳಲ್ಲಿ ಈ ಅನುಕೂಲ ಸಿಗುವುದು ಅಪರೂಪ. ಅದರಲ್ಲಿ ಒಂದು ಪ್ರಸಂಗ ಇದೆ. ಗಲಾಟೆಯ ವಠಾರದಲ್ಲಿ ಮಲಗಿ ಅಭ್ಯಾಸವಾದ ನಾಯಕನಿಗೆ ದೊಡ್ಡ ಹೋಟೆಲಿನ ರೂಮಿನಲ್ಲಿ ನಿದ್ದೆ ಬರುವುದಿಲ್ಲ. ವಾಪಸ್ ಹೋಗಿ ಆ ಗಲಾಟೆಯನ್ನು ಟೇಪ್ ಮಾಡಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಎಲ್ಲಿ ಸಂಗೀತ ನಿಲ್ಲಿಸಿದ್ದಾರೆ, ಎಲ್ಲಿ ಬರೀ ಸದ್ದಿಗೆ ಬಿಟ್ಟಿದ್ದಾರೆ ಅಂತ ಅಲ್ಲಿ ಗಮನಿಸಿ.

ಕುಡ್ಲದ ಕ್ಯಾಸೆಟ್:

ಇಷ್ಟೆಲ್ಲ ಗೊತ್ತಿರುವ ನಾವೇ ಸೇರಿ 'ಜೇಡರ ಬಲೆ' ಥರದ ಇಪಿಗಳನ್ನು ಒಳ್ಳೆಯ ಮುಳ್ಳಿನಲ್ಲಿ ಓಡಿಸಿ ನೆಟ್ಟಿಗೆ ಹಾಕಿದರೆ ಹೇಗೆ? ವಿದೇಶಿಯರು ಬರುವವರೆಗೆ ಯಾಕೆ ಕಾಯಬೇಕು?

ರೀಲುಡಬ್ಬ:

ಓಡಿಸಿ ಇಟ್ಟುಕೊಳ್ಳಿ, ಸಾರ್ವಜನಿಕವಾಗಿ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1968ರ ಪ್ಲೇಟಿಗೆ 2028ರ ಕೊನೆಯವರೆಗೂ ಮಾಲೀಕರಿದ್ದಾರೆ. ಅದಕ್ಕಿಂತ ಹಳೆಯ, ಅವಧಿ ಮುಗಿದ ಪ್ಲೇಟುಗಳಿಂದ ಶುರು ಮಾಡಬಹುದು, ಅವೂ ಬೇಕಾದಷ್ಟಿವೆ, ಆದರೆ ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆಯೇ, ಅದೂ ಮುಗಿದಿದೆಯಾ ನೋಡಿಕೊಳ್ಳಿ. ಮನೆಯಲ್ಲಿ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಅರಗಿನ ತಟ್ಟೆಗಳಿದ್ದರೆ ಎರಡು ಮಾತು. ಎಲ್‌ಪಿಯ ಮುಳ್ಳಿನಲ್ಲಿ ಓಡಿಸಬೇಡಿ, 78ರ ಗೆರೆ ಅಗಲ, 78ಕ್ಕೆ ಅಂತಲೇ ದಪ್ಪ ಮುಳ್ಳು ಬರುತ್ತದೆ. ಒರೆಸುವಾಗ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗಿ ತಟ್ಟೆ ಹಾಳಾಗುತ್ತದೆ. ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆ ಬಟ್ಟೆ. ನಡುವಿನ ಲೇಬಲ್‌ಗೆ ನೀರು ತಾಗದ ಹಾಗೆ ನೋಡಿಕೊಳ್ಳಿ.

ಪ್ಲೇಟ್‌ಪ್ರಿಯ:

ಅಜ್ಜಿ ಮನೆ ಅಟ್ಟದಲ್ಲಿ ಒಂದು ಪೆಟ್ಟಿಗೆ ಇದೆ ಅಂತ ಮಾವ ಹೇಳುತ್ತಿದ್ದರು. 78 ಇವೆಯೋ 45 ಇವೆಯೋ ಗೊತ್ತಿಲ್ಲ. ಹಬ್ಬಕ್ಕೆ ಹೋದಾಗ ಇಳಿಸಿ, ಲೇಬಲ್‌ಗಳ ಫೋಟೋ ಇಲ್ಲೇ ಹಾಕುತ್ತೇನೆ.