ಸೈಟ್ ಬ್ರೋಕರ್ ಕಾನೂನು ಪ್ರಕಾರ ನಮಗೆ ಏನೇನು ಹೇಳ್ಬೇಕು? ಅನುಭವ ಇದ್ದವ್ರು ತಿಳ್ಸಿ

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ಅಪ್ಪನ ರಿಟೈರ್‌ಮೆಂಟ್ ದುಡ್ಡಲ್ಲಿ ದೊಡ್ಡಬಳ್ಳಾಪುರ ರೋಡ್ ಕಡೆ ಒಂದು 30×40 ಸೈಟ್ ತಗೊಳ್ಳೋಣ ಅಂತ ಓಡಾಡ್ತಾ ಇದೀವಿ. ಬ್ರೋಕರ್ ಒಬ್ರು ಎರಡು ತೋರ್ಸಿದಾರೆ, ಒಂದು ಹೊಸ ಲೇಔಟ್‌ದು, ಇನ್ನೊಂದು ಹಳೇ ಓನರ್ ಮಾರ್ತಿರೋದು. ನಮ್ಮಿಂದ 2% ಕೇಳ್ತಿದಾರೆ, ಓನರ್ ಕಡೆಯಿಂದಲೂ ತಗೋತಾರಂತೆ. ಪೇಪರ್ ಕೇಳಿದ್ರೆ "ಮೊದ್ಲು ಟೋಕನ್ ಹಾಕಿ ಸಾರ್, ಬೇರೆ ಪಾರ್ಟಿ ರೆಡಿ ಇದಾರೆ" ಅಂತಾರೆ. ಇವ್ರಿಗೆ ನಮ್ಮ ಬಗ್ಗೆ ಕಾನೂನಿನ ಜವಾಬ್ದಾರಿ ಅಂತ ಏನಾದ್ರೂ ಇದೆಯಾ ಇಲ್ವಾ?

ಯಲಹಂಕದಿಂದ:
ಇದೆ ಸಾರ್, ಆದ್ರೆ ಎರಡು ಸೈಟಿಗೂ ಬೇರೆ ಬೇರೆ ಕಾನೂನು, ಅದನ್ನ ಮೊದ್ಲು ಬೇರೆ ಮಾಡ್ಕೊಳ್ಳಿ. ಹೊಸ ಲೇಔಟ್ ಅಂದ್ರೆ 2016ರ ರೇರಾ ಕಾಯ್ದೆ (ಲೇಔಟ್, ಅಪಾರ್ಟ್‌ಮೆಂಟ್ ಮಾರಾಟದ ಮೇಲೆ ನಿಗಾ ಇಡೋ ರಿಯಲ್ ಎಸ್ಟೇಟ್ ಕಾಯ್ದೆ) ಬರುತ್ತೆ. ಲೇಔಟಿನ ಒಟ್ಟು ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ರೆ ಲೇಔಟ್ ರೇರಾದಲ್ಲಿ ರಿಜಿಸ್ಟರ್ ಆಗಿರ್ಬೇಕು, ಅದನ್ನ ಮಾರಿಸೋ ಬ್ರೋಕರ್ ಕೂಡ ಸೆಕ್ಷನ್ 9ರ ಪ್ರಕಾರ ಬೇರೆಯಾಗಿ ರಿಜಿಸ್ಟರ್ ಆಗಿರ್ಬೇಕು, ಮಾರ್ಸೋ ಪ್ರತಿಯೊಂದು ವ್ಯವಹಾರದಲ್ಲೂ ಆ ನಂಬರ್ ಹಾಕ್ಲೇಬೇಕು. ಇಲ್ಲಿ ಒಂದು ವಿಷ್ಯ ಗಮನಿಸಿ, ನಮಗೆ ಒಬ್ರು ಏಜೆಂಟ್ "ನಂದು ರೇರಾ ನಂಬರ್ ಇದೆ" ಅಂತ ಬ್ರೋಷರ್ ತೋರ್ಸಿದ್ರು, ಅದು ಲೇಔಟಿನ ನಂಬರ್, ಅವ್ರದ್ದಲ್ಲ. ಕರ್ನಾಟಕದ ನಂಬರಲ್ಲಿ ಮಧ್ಯೆ ಪಿಆರ್ ಅಂತ ಇದ್ರೆ ಪ್ರಾಜೆಕ್ಟು, ಎಜಿ ಅಂತ ಇದ್ರೆ ಏಜೆಂಟು. ಎರಡನ್ನೂ ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಹಾಕಿ ನೋಡ್ಬಹುದು, ದುಡ್ಡೇನೂ ಇಲ್ಲ.

ಸೆಕ್ಷನ್ 10 ಒಂದ್ಸಲ ಓದ್ಕೊಳ್ಳಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲೇ ಇದೆ. ರಿಜಿಸ್ಟರ್ ಆಗದ ಲೇಔಟನ್ನ ಏಜೆಂಟ್ ಮಾರ್ಸೋ ಹಾಗಿಲ್ಲ, ಇಲ್ಲದ ಅಪ್ರೂವಲ್ ಇದೆ ಅನ್ನೋ ಹಾಗಿಲ್ಲ, ಕೊಡೋದಿಲ್ಲ ಅಂತ ಗೊತ್ತಿದ್ದೂ ಕೊಡ್ತೀವಿ ಅಂತ ಜಾಹೀರಾತು ಹಾಕ್ಸೋ ಹಾಗಿಲ್ಲ, ಲೆಕ್ಕದ ಪುಸ್ತಕ ಇಡ್ಬೇಕು, ಮತ್ತೆ ಬುಕಿಂಗ್ ಟೈಮಲ್ಲಿ ನಿಮಗೆ ಸಿಗಬೇಕಾದ ಮಾಹಿತಿ, ದಾಖಲೆ ಎಲ್ಲಾ ನಿಮ್ಮ ಕೈಗೆ ಸೇರೋ ಹಾಗೆ ಮಾಡೋದು ಏಜೆಂಟಿನ ಕೆಲ್ಸ. ಹಾಗಾಗಿ "ಟೋಕನ್ ಹಾಕಿ ಆಮೇಲೆ ಪೇಪರ್" ಅನ್ನೋದು ಹೊಸ ಲೇಔಟ್ ವಿಷ್ಯದಲ್ಲಿ ನಡೆಯೋ ಮಾತೇ ಅಲ್ಲ. ಇನ್ನೊಂದು, ಲೇಔಟ್ ಮಾಡಿರೋರು ಅಗ್ರಿಮೆಂಟ್ ರಿಜಿಸ್ಟರ್ ಮಾಡ್ಸೋಕೆ ಮುಂಚೆ ಬೆಲೆಯ 10%ಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ಅದು ಸೆಕ್ಷನ್ 13.

ಹಾಸನದಿಂದ:
ನಾನು ಮಾರೋರ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಬ್ರೋಕರ್ ಹೆಂಗೆ ಯೋಚ್ನೆ ಮಾಡ್ತಾರೆ ಅಂತ ಕೊಳ್ಳೋರಿಗೂ ಗೊತ್ತಿರ್ಬೇಕು. ಅಮ್ಮನ ಹೆಸರಲ್ಲಿದ್ದ ಸೈಟ್ ಮಾರೋಕೆ ಒಬ್ರಿಗೆ ಒಪ್ಸಿದ್ವಿ, ಕಮಿಷನ್ ಇಷ್ಟು ಅಂತ ಮಾತಾಗಿತ್ತು. ಪಾರ್ಟಿ 18 ಲಕ್ಷಕ್ಕಿಂತ ಮೇಲೆ ಏಳಲ್ಲ ಅಂತ ಬ್ರೋಕರ್ ಅಂದ್ರು, ಅಮ್ಮ ಒಪ್ಕೊಂಡ್ರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು, ಫೋಟೋಗೆ ಅಂತ ಬೆಂಚಲ್ಲಿ ಕೂತಿದ್ದಾಗ ತಗೊಳ್ಳೋರ ಹೆಂಡ್ತಿ ಅಮ್ಮನ ಕೈ ಹಿಡ್ಕೊಂಡು "ಅಕ್ಕಾ ಇಪ್ಪತ್ತೂವರೆ ನಮಗೆ ಭಾರನೇ ಆಯ್ತು, ಒಡವೆ ಇಟ್ವಿ" ಅಂದ್ರು. ಅಮ್ಮ ನನ್ನ ಮುಖ ನೋಡಿದ್ರು. ಬ್ರೋಕರ್ ಅಷ್ಟೊತ್ತಿಗೆ ಜೆರಾಕ್ಸ್ ತರ್ತೀನಿ ಅಂತ ಹೊರಗೆ ಹೋಗಿದ್ರು.

ಅಲ್ಲೇ ಸೈನ್ ನಿಲ್ಸಿದ್ವಿ. ನಮ್ಮ ಊರಿನ ವಕೀಲರಿಗೆ ಫೋನ್ ಮಾಡಿದ್ರೆ ಅವ್ರು ಹೇಳಿದ್ದು, ಇದು 1872ರ ಕಾಂಟ್ರ್ಯಾಕ್ಟ್ ಆಕ್ಟಲ್ಲೇ ಇದೆ, ಏಜೆಂಟ್ ಆದವ್ರು ಲೆಕ್ಕ ಕೊಡ್ಬೇಕು, ಮಾಲೀಕರ ಪರವಾಗಿ ಬಂದ ದುಡ್ಡೆಲ್ಲಾ ಮಾಲೀಕರಿಗೆ ಸೇರ್ಬೇಕು, ತನಗೆ ನ್ಯಾಯವಾಗಿ ಬರೋ ಕಮಿಷನ್ನು, ಖರ್ಚು ಮಾತ್ರ ಹಿಡ್ಕೋಬಹುದು, ಆ ಕೆಲ್ಸದಲ್ಲಿ ಮೋಸ ಮಾಡಿದ್ರೆ ಸೆಕ್ಷನ್ 220ರ ಪ್ರಕಾರ ಅದಕ್ಕೆ ಕಮಿಷನ್ ಕೇಳೋ ಹಕ್ಕೂ ಇಲ್ಲ. ಎರಡೂ ಕಡೆಯವ್ರು ಎದುರುಬದುರು ಕೂತು ಮಾತಾಡಿದ್ವಿ, ಹೆಚ್ಚಿನ ದುಡ್ಡಲ್ಲಿ ಅರ್ಧ ತಗೊಳ್ಳೋರಿಗೆ ಇಳ್ಸಿ ಅರ್ಧ ಅಮ್ಮಂಗೆ ಬಂತು. ಆದ್ರೆ ನೆನಪಿಟ್ಕೊಳ್ಳಿ, "ನಮಗೆ ಇಷ್ಟು ಬಂದ್ರೆ ಸಾಕು, ಮೇಲಿಂದು ನಿಮ್ದು" ಅಂತ ನೀವೇ ಒಪ್ಪಿದ್ರೆ ಆಮೇಲೆ ಕೇಳೋಕೆ ಬರಲ್ಲ. ಯಾರೂ ಆ ಮಾತು ಕೊಡ್ಬೇಡಿ.

ಹುಬ್ಬಳ್ಳಿಯಿಂದ:
ನಮ್ಮ ಕಡೆ ಇನ್ನೊಂದು ಥರಾ ಆಗ್ತದ್ರಿ. ಕಾಕಾ ಒಂದು ಎನ್‌ಎ (ಕೃಷಿಯೇತರ) ಪ್ಲಾಟ್ ನೋಡಿದ್ರು, ಏಜೆಂಟ ನಾವು ಕಮಿಷನ್ ಕೊಡಾವ್ರು ಅಂತ ಹೇಳಿ ನಮ್ಮ ಪರವಾಗಿ ರೇಟ್ ಮಾತಾಡ್ತೀನಿ ಅಂದಿದ್ದ. ಉತಾರ (ಆಸ್ತಿ ಯಾರ ಹೆಸ್ರಿನ್ಯಾಗ ಐತಿ ಅಂತ ತೋರ್ಸೋ ದಾಖಲಿ) ಕೊಟ್ಟ, ಅದ್ರಾಗ ಮೂಲ ಮಾಲಕನ ಹೆಸ್ರ ಇತ್ತು, ಎಲ್ಲಾ ಸರಿ ಐತಿ ಅನಿಸ್ತು. ಕಾಕಾನ ಮಗ ನೋಂದಣಿ ಇಲಾಖೆ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನ್ಯಾಗ ಇಸಿ (ಆಸ್ತಿ ಮ್ಯಾಲಿನ ಸಾಲ, ವ್ಯವಹಾರ ತೋರ್ಸೋ ಋಣಭಾರ ಪತ್ರ) ತಗಸಿದ. ಕಟ್ಟಕಡೀ ಸಾಲಿನ್ಯಾಗ ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡ್ಕೊಳ್ಳೋ ಖರೀದಿ ಕರಾರು) ಅಂತ ಇತ್ತು, ಬರಸ್ಕೊಂಡಾವ ಯಾರಂತ ನೋಡಿದ್ರ ಏಜೆಂಟನ ಅಳಿಯ. ಅಂದ್ರ ತಮ್ಮ ಮನಿ ಮಾಲನ್ನೇ ನಮಗ ತೋರ್ಸಾಕತ್ತಿದ್ದ, ಕಮಿಷನ್ ಬ್ಯಾರೆ ನಮ್ಮ ಕಡೆ. ನಿಮ್ಮ ಏಜೆಂಟ ಅಂತ ಇದ್ದಾವ ತನ್ನ ಸ್ವಂತ ಲಾಭದ ವ್ಯವಹಾರ ಇದ್ರ ಮೊದ್ಲ ಹೇಳಿ ಒಪ್ಪಿಗಿ ತಗೋಬೇಕ್ರಿ, ಮುಖ್ಯ ಸಂಗತಿ ಮುಚ್ಚಿಟ್ಟಿದ್ರ ಆ ವ್ಯವಹಾರ ಬ್ಯಾಡಂತ ಬಿಡೋ ಹಕ್ಕು ನಿಮಗ ಐತಿ. ನಾವು ಬಿಟ್ವಿ. ಎರಡೂ ಕಡೆ ಕಮಿಷನ್ ತಗೊಳ್ಳೂದು ಇಲ್ಲಿ ಮಾಮೂಲು, ತಗೊಳ್ಳಲಿ, ಆದ್ರ ಎರಡೂ ಕಡೆಯವ್ರಿಗೆ ಗೊತ್ತಿದ್ದು ತಗೊಳ್ಳಲಿ.

ಡಲ್ಲಾಸ್‌ನಿಂದ:
ಟೆಕ್ಸಸ್‌ನಲ್ಲಿ ಮನೆ ತಗೊಂಡವಳು. ಇಲ್ಲಿ ಏಜೆಂಟ್ ಮೊದ್ಲೇ ಒಂದು ಸರ್ಕಾರಿ ಫಾರ್ಮ್ ಕೈಗೆ ಕೊಡ್ತಾರೆ, ನಾನು ಮಾರೋರ ಕಡೆಯವ್ನಾ, ಕೊಳ್ಳೋರ ಕಡೆಯವ್ನಾ, ಮಧ್ಯಸ್ಥನಾ ಅಂತ ಅದ್ರಲ್ಲೇ ವಿವರ ಇರುತ್ತೆ. ಎರಡೂ ಕಡೆಗೆ ಒಬ್ಬರೇ ಇರ್ಬೇಕು ಅಂದ್ರೆ ಇಬ್ರ ಲಿಖಿತ ಒಪ್ಪಿಗೆ ಬೇಕು. ಯಾರ ಕಡೆಯವ್ರೋ ಅವ್ರ ಗುಟ್ಟು ಕಾಯ್ಬೇಕು, ಅವ್ರ ಹಿತ ನೋಡ್ಬೇಕು. ಎದುರು ಪಾರ್ಟಿಗೆ ಅಷ್ಟು ಸಿಗಲ್ಲ, ಆದ್ರೆ ಸುಳ್ಳು ಹೇಳೋ ಹಾಗಿಲ್ಲ, ಗೊತ್ತಿರೋ ದೋಷ ಮುಚ್ಚಿಡೋ ಹಾಗಿಲ್ಲ. 2024ರ ಆಗಸ್ಟ್ 17ರಿಂದ ದೇಶದ ಬಹುತೇಕ ಕಡೆ ಮನೆ ತೋರ್ಸೋಕೆ ಮುಂಚೆನೇ ಕೊಳ್ಳೋರ ಜೊತೆ ಬರಹದ ಒಪ್ಪಂದ ಆಗ್ಬೇಕು, ಫೀಸ್ ಎಷ್ಟು ಅಂತ ಅದ್ರಲ್ಲೇ ಇರ್ಬೇಕು. ಊರಲ್ಲಿ ಅಂಥ ಫಾರ್ಮ್ ಇಲ್ಲ ಅಂತ ಸುಮ್ನಿರ್ಬೇಡಿ, ಅದೇ ಪ್ರಶ್ನೆ ಬಾಯಲ್ಲಿ ಕೇಳಿ. ನಿಮ್ಮ ಬಜೆಟ್ ಕೊನೇ ಎಷ್ಟು ಅಂತ ಮಾತ್ರ ಆ ಬ್ರೋಕರ್‌ಗೆ ಈಗ ಹೇಳ್ಬೇಡಿ, ಅವ್ರು ಯಾರ ಕಡೆ ಅಂತ ಇನ್ನೂ ಗೊತ್ತಿಲ್ವಲ್ಲ.

ಯಲಹಂಕದಿಂದ ಮತ್ತೆ:
ದೂರು ಕೊಡೋದರ ಬಗ್ಗೆ ಬಿಟ್ಟೋಯ್ತು. ರಿಜಿಸ್ಟರ್ ಆಗ್ದೆ ಮಾರ್ಸಿದ್ರೆ, ಸೆಕ್ಷನ್ 10 ಮುರಿದ್ರೆ, ರೇರಾಗೆ ದೂರು ಕೊಡ್ಬಹುದು, ಏಜೆಂಟಿಗೆ ದಿನಕ್ಕೆ 10,000 ರೂಪಾಯಿ ದಂಡ, ಸೈಟ್ ಬೆಲೆಯ 5%ವರೆಗೂ ಹೋಗ್ಬಹುದು. ಆ ದಂಡ ನಿಮ್ಮ ಜೇಬಿಗೆ ಬರಲ್ಲ, ಸರ್ಕಾರಕ್ಕೆ ಹೋಗುತ್ತೆ. ಬ್ರೋಕರ್ ಸೇವೆಯಲ್ಲಿ ಮೋಸ ಆಗಿ ನಿಮ್ಮ ದುಡ್ಡು ವಾಪಸ್ ಬೇಕು ಅಂದ್ರೆ ಗ್ರಾಹಕರ ಆಯೋಗದ ದಾರಿನೂ ಇದೆ, ಮೊದ್ಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿ. ಎರಡಕ್ಕೂ ಸಾಕ್ಷಿ ಬೇಕು. ಕ್ಯಾಶ್ ಕೊಟ್ಟು "ನಂಬಿಕೆ ಮೇಲೆ" ಅಂದ್ರೆ ಏನೂ ಮಾಡೋಕಾಗಲ್ಲ, ಅಕೌಂಟಿಗೇ ಹಾಕಿ, ರಸೀದಿ ತಗೊಳ್ಳಿ, ವಾಟ್ಸಾಪ್ ಡಿಲೀಟ್ ಮಾಡ್ಬೇಡಿ. ಹಳೇ ಓನರ್ ಸೈಟಿಗೆ ರೇರಾ ಸಾಮಾನ್ಯವಾಗಿ ಬರಲ್ಲ, ಅಲ್ಲಿ ಹಾಸನದವ್ರು ಹೇಳಿದ ಕಾಂಟ್ರ್ಯಾಕ್ಟ್ ಆಕ್ಟೇ ಗತಿ. ಅದೂ ಬ್ರೋಕರ್ ನಿಮ್ಮ ಏಜೆಂಟ್ ಅಂತ ತೋರ್ಸೋಕೆ ಆದ್ರೆ ಮಾತ್ರ, ಅದಕ್ಕೇ ಬರಹದಲ್ಲಿ ಬೇಕು ಅನ್ನೋದು.

ಪ್ರಶ್ನೆ ಕೇಳಿದವ್ರು:
ತುಂಬಾ ಥ್ಯಾಂಕ್ಸ್. ಸ್ಟ್ಯಾಂಪ್ ಪೇಪರ್ ಅಂದ್ರೆ ಆ ಮನುಷ್ಯ ಓಡಿಹೋಗ್ತಾರೆ ಅನ್ಸುತ್ತೆ. ವಾಟ್ಸಾಪಲ್ಲಿ ಏನಂತ ಕೇಳ್ಲಿ?

ಹಾಸನದಿಂದ:
ಇದನ್ನೇ ಕಳ್ಸಿ: "ಸಾರ್, ನಾವು ಕೊಡೋ 2% ನಮ್ಮ ಪರವಾಗಿ ಕೆಲ್ಸ ಮಾಡೋದಕ್ಕೆ, ರಿಜಿಸ್ಟ್ರೇಷನ್ ದಿನ ಕೊಡ್ತೀವಿ. ಓನರ್ ಕಡೆಯಿಂದ ನಿಮಗೆ ಎಷ್ಟು ಬರುತ್ತೆ, ಈ ಸೈಟಲ್ಲಿ ನಿಮ್ದು ಅಥವಾ ನಿಮ್ಮ ಮನೆಯವ್ರದ್ದು ಪಾಲು, ಅಗ್ರಿಮೆಂಟು ಏನಾದ್ರೂ ಇದೆಯಾ ತಿಳ್ಸಿ. ಲೇಔಟ್ ಸೈಟಿಗೆ ನಿಮ್ಮ ರೇರಾ ಏಜೆಂಟ್ ನಂಬರ್ ಕಳ್ಸಿ. ಮದರ್ ಡೀಡ್, ಇಸಿ, ಖಾತಾ, ಕನ್ವರ್ಷನ್ ಆರ್ಡರ್, ಲೇಔಟ್ ಅಪ್ರೂವಲ್ ಕಾಪಿ ನಮ್ಮ ವಕೀಲರು ನೋಡಿದ್ಮೇಲೆ ಟೋಕನ್ ಹಾಕ್ತೀವಿ." ಮದರ್ ಡೀಡ್ ಅಂದ್ರೆ ಆಸ್ತಿಯ ಹಳೇ ಮೂಲ ಪತ್ರ, ಕನ್ವರ್ಷನ್ ಆರ್ಡರ್ ಅಂದ್ರೆ ಕೃಷಿ ಜಮೀನನ್ನ ಬೇರೆ ಬಳಕೆಗೆ ಬದ್ಲಾಯ್ಸಿದ ಆದೇಶ. ಒಳ್ಳೇ ಬ್ರೋಕರ್ ಆಗಿದ್ರೆ ಸಂಜೆಯೊಳಗೆ ಉತ್ರ ಬರುತ್ತೆ. ಫೋನ್ ಮಾಡಿ ಬಾಯಲ್ಲೇ ಹೇಳಿದ್ರೆ, "ನೀವು ಈಗ ಹೇಳಿದ್ದು ಹೀಗೆ ಅಲ್ವಾ ಸಾರ್" ಅಂತ ನೀವೇ ಟೈಪ್ ಮಾಡಿ ಕಳ್ಸಿ.