ಬೇಕರಿಯ ಫಲಕಕ್ಕೆ 'ಬಾಲೂ ತಮ್ಮ' ಒಪ್ಪುತ್ತದೆಯೇ?

ಬನ್ನುಬೆಣ್ಣೆ: ಮಲ್ಲೇಶ್ವರದಲ್ಲಿ ನಾವು ತೆರೆಯಲಿರುವ ಬೇಕರಿಯ ನಾಮಫಲಕಕ್ಕೆ ಫಾಂಟ್ ರೂಪಿಸುವ ಏಕ್ ಟೈಪ್ ಬಳಗದ 'ಬಾಲೂ ತಮ್ಮ' ಫಾಂಟನ್ನು ಬಳಸಬೇಕೆಂದಿದ್ದೇನೆ. ತುದಿಗಳೆಲ್ಲ ದುಂಡಗಿರುವ ಆ ದಪ್ಪ ಅಕ್ಷರಗಳು ಆಗತಾನೇ ಉಬ್ಬಿದ ಬನ್ನಿನಂತೆ ಕಾಣುತ್ತವೆ. ಮುಕ್ತ ಪರವಾನಗಿಯಿರುವುದರಿಂದ ಅಂಗಡಿಗೆ ಬಳಸಿದರೂ ಹಣ ಕೊಡಬೇಕಿಲ್ಲ. ಅಭಿಪ್ರಾಯ ತಿಳಿಸಿ.

ಗವಿಪುರದವ: ದಯವಿಟ್ಟು ಬೇಡ. ನಮ್ಮ ಬೀದಿಯ ಅಂಗಡಿಯೊಂದರ ಫಲಕ ಇದೇ ಫಾಂಟಿನಲ್ಲಿದೆ. ರಸ್ತೆಯ ಆಚೆ ಬದಿಯಿಂದ ನೋಡಿದರೆ ಧಕಾರದ ಹೊಟ್ಟೆ ಸೀಳಿದ ಗೆರೆ ಮುಚ್ಚಿಹೋಗಿ, ಹೆಸರಿನಲ್ಲಿರುವ 'ಧನ'ವು 'ದನ'ವೆಂದೇ ಓದಿಸಿಕೊಳ್ಳುತ್ತದೆ.

ಅಕ್ಷರಪ್ರಿಯ: ಅದು ಫಾಂಟಿನ ತಪ್ಪಲ್ಲ, ಅಕ್ಷರಗಳನ್ನು ಅಡ್ಡಕ್ಕೆ ಅದುಮಿದವರ ತಪ್ಪು. ಮೊದಲ ಆವೃತ್ತಿಯಲ್ಲಿ ಒಂದೇ ದಪ್ಪವಿತ್ತು, ನಿಜ. 'ಬಾಲೂ ತಮ್ಮ 2' ಬಂದ ಮೇಲೆ ಐದು ದಪ್ಪಗಳಿವೆ. ತಮ್ಮನನ್ನು ಇಷ್ಟು ಹಳಿಯುವ ಮೊದಲು ಅದನ್ನಾದರೂ ನೋಡಬಹುದಿತ್ತು.

ಗವಿಪುರದವ: ತಮ್ಮನೆಂದಿರಲ್ಲ, ಅಲ್ಲಿಗೇ ಬರೋಣ. ಬಾಲೂ ಫಾಂಟಿಗೆ ಒಂದೊಂದು ಲಿಪಿಯಲ್ಲಿ ಒಂದೊಂದು ಹೆಸರು. ಮಲಯಾಳದ ಬಾಲೂವಿಗೆ 'ಚೇಟ್ಟನ್' ಎಂದು ಹೆಸರು, ಎಂದರೆ ಅಣ್ಣ. ಕನ್ನಡಕ್ಕೆ ಮಾತ್ರ ತಮ್ಮನ ಸ್ಥಾನವೇಕೆ?

ತಾಳೆಗರಿ: 'ಮಾತ್ರ' ಎಂಬುದು ಶುದ್ಧ ಸುಳ್ಳು. ತೆಲುಗಿನದು 'ತಮ್ಮುಡು', ತಮಿಳಿನದು 'ತಂಬಿ', ಇಬ್ಬರೂ ತಮ್ಮಂದಿರೇ.

ಗವಿಪುರದವ: ಬಂಗಾಳಿಯ 'ದಾ' ಯಾರು ಸ್ವಾಮಿ? ಅವನೂ ಅಣ್ಣನೇ. ಅನುಕೂಲವಾದ ಎರಡನ್ನು ಮಾತ್ರ ಎಣಿಸಿದ್ದೀರಿ.

ತಾಳೆಗರಿ: ನೀವು ಚೇಟ್ಟನ್ ಒಬ್ಬನನ್ನೇ ಎಣಿಸಿ ಶುರುಮಾಡಲಿಲ್ಲವೇ? 'ತಮ್ಮ' ಎಂಬುದು ಅಕ್ಕರೆಯ ಮಾತು. ದರ್ಶಿನಿಯಲ್ಲಿ ಕಾಫಿ ಕೊಡುವ ಹುಡುಗನನ್ನೂ ನಾವು 'ತಮ್ಮಾ' ಎಂದೇ ಕರೆಯುತ್ತೇವೆ.

ಗವಿಪುರದವ: ಕನ್ನಡ ಲಿಪಿಯನ್ನು ಕಾಫಿ ತಂದುಕೊಡುವ ಕೆಲಸಕ್ಕೆ ಹಚ್ಚಿದಿರಿ. ಬಹಳ ಸಂತೋಷ!

ಅಕ್ಷರಪ್ರಿಯ: ಕಾಫಿ ಕೊಡುವುದು ಕೀಳೆಂದು ಹೇಳಿದವರು ನೀವೊಬ್ಬರೇ. ಇರಲಿ, ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯ 2024ರ ತಿದ್ದುಪಡಿಯಂತೆ ಫಲಕದ ಶೇ. 60ರಷ್ಟು ಕನ್ನಡವಿರಬೇಕು, ಅದೇ ಕುಟುಂಬದ ಇಂಗ್ಲಿಷ್ ಅಕ್ಷರಗಳೂ ಇದರಲ್ಲೇ ಸಿಗುವುದರಿಂದ ಎರಡೂ ಭಾಷೆಗಳು ಒಂದೇ ಕೈಯಲ್ಲಿ ಬರೆದಂತೆ ಕಾಣುತ್ತವೆ.

ಗವಿಪುರದವ: ಕಾಯಿದೆ ಕೇಳಿದ್ದು ಕನ್ನಡವನ್ನು, ಉಬ್ಬಿದ ಕನ್ನಡವನ್ನಲ್ಲ.

ಬನ್ನುಬೆಣ್ಣೆ: ಅಣ್ಣತಮ್ಮಂದಿರ ಪಾಲುಪಟ್ಟಿ ಮುಗಿದಿದ್ದರೆ ನನ್ನದೊಂದು ಸಂಕಟವಿದೆ. ಹೆಸರಿನ ಕೆಳಗಿನ ಸಾಲಿನಲ್ಲಿ 'ಬೆಣ್ಣೆ ಬಿಸ್ಕತ್ತು' ಎಂದು ಬರೆಸಿ ನೋಡಿದೆ; ಣ, ಕ, ತ ಮೂರರ ಒತ್ತುಗಳೂ ಜೋತುಬಿದ್ದು ಚೌಕಟ್ಟಿಗೆ ತಾಗುತ್ತಿವೆ. ಬೋರ್ಡಿನವರು ಒತ್ತುಗಳನ್ನು ಚಿಕ್ಕದು ಮಾಡೋಣವೆನ್ನುತ್ತಿದ್ದಾರೆ.

ಅಕ್ಷರಪ್ರಿಯ: ಒತ್ತನ್ನು ಮುಟ್ಟಗೊಡಬೇಡಿ, ಅದರೊಳಗಿನ ಬಿಳಿ ಜಾಗ ತುಂಬಿಹೋಗುತ್ತದೆ. ಇಡೀ ಸಾಲನ್ನು ಒಂದು ಅಳತೆ ಇಳಿಸಿ, ದಪ್ಪವನ್ನೂ ಒಂದು ಹಂತ ತಗ್ಗಿಸಿ.

ಗವಿಪುರದವ: ತುಂಬಿಹೋಗುತ್ತದೆಂದು ಕೊನೆಗೂ ನೀವೇ ಬರೆದಿರಿ. ನಾನು ಧಕಾರದ ಬಗ್ಗೆ ಹೇಳಿದ್ದೂ ಅದನ್ನೇ.

ಅಕ್ಷರಪ್ರಿಯ: ನಾನು ಬರೆದದ್ದು ಒತ್ತಿನ ಬಗ್ಗೆ.